ಹೆಬ್ಬೆಟ್ಟು ಒಂದೇ, ಕೇಳುವವರು ನೂರು

ಕೊಪ್ಪಳದಿಂದ ಗಂಗಾವತಿಗೆ ಹೊರಟ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್‌ಗೆ ತಿಳಿಯಬೇಕಾದದ್ದು ಒಂದೇ ಸಂಗತಿ: ಎದುರಿಗಿರುವ ಹೆಣ್ಣುಮಗಳು ಕರ್ನಾಟಕದವಳು ಹೌದೋ ಅಲ್ಲವೋ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ಈ ಪ್ರಶ್ನೆಗೆ ಉತ್ತರವಾಗಿ ಸೆರಗಿನ ಗಂಟಿನಿಂದಲೋ ಮೊಬೈಲ್ ಕವರಿನ ಹಿಂದಿನಿಂದಲೋ ಆಧಾರ್ ಕಾರ್ಡು ಹೊರಬರುತ್ತದೆ. ಅದರಲ್ಲಿ ಆಕೆಯ ಹೆಸರಿದೆ, ಹುಟ್ಟಿದ ತಾರೀಖಿದೆ, ಗಂಡನ ಹೆಸರಿದೆ, ಊರು ಓಣಿ ಇದೆ, ಹನ್ನೆರಡು ಅಂಕಿ ಇದೆ. ಕೇಳಿದ್ದು ಒಂದು, ತೋರಿಸಿದ್ದು ಐದು. ಕಂಡಕ್ಟರ್ ಅದನ್ನೆಲ್ಲ ಓದುವುದಿಲ್ಲ, ನಿಜ. ಗಿಣಿಗೇರಾ ಬರುವುದರೊಳಗೆ ಇಡೀ ಬಸ್ಸಿಗೆ ಟಿಕೆಟ್ ಹರಿದು ಮುಗಿಸಬೇಕಾದವನಿಗೆ ಓದುವ ಪುರುಸೊತ್ತೆಲ್ಲಿ? ಕಾರ್ಡು ಬಂದಷ್ಟೇ ಬೇಗ ಮತ್ತೆ ಸೆರಗಿಗೆ ಸೇರುತ್ತದೆ.

ಬಸ್ಸಿಳಿದ ಮೇಲೆ ಮಾತ್ರ ಹಾಗಲ್ಲ. ಸಂಘದ ಸಾಲಕ್ಕೆ, ಸಿಮ್ಮಿಗೆ, ಮಗನ ಹಾಸ್ಟೆಲ್ ಅರ್ಜಿಗೆ, ಗೃಹಲಕ್ಷ್ಮಿ ದುಡ್ಡು ನಿಂತುಹೋದದ್ದಕ್ಕೆ, ಗ್ಯಾಸಿಗೆ, ರೇಷನ್ ಇ-ಕೆವೈಸಿಗೆ, ಎಲ್ಲಕ್ಕೂ ಜೆರಾಕ್ಸ್. ಅಲ್ಲಿ ಕಾರ್ಡು ಮರಳಿ ಬರುತ್ತದೆ, ನಕಲು ಉಳಿಯುತ್ತದೆ. ಕಾಗದದ ನಕಲಾದರೆ ಕೊನೆಗೊಮ್ಮೆ ಮಿರ್ಚಿ ಭಜಿ ಕಟ್ಟಲಿಕ್ಕಾದರೂ ಹೋದೀತು. ನೆಟ್ ಸೆಂಟರಿನ ಕಂಪ್ಯೂಟರಿನಲ್ಲಿ ಉಳಿದ ಪಿಡಿಎಫ್‌ಗೆ ಆ ಗತಿಯೂ ಇಲ್ಲ. ಅದಕ್ಕೆ ಪಾಸ್‌ವರ್ಡ್ ಇದೆ ಎನ್ನುತ್ತೀರಾ? ಡೌನ್‌ಲೋಡ್ ಮಾಡಿದ ಆಧಾರ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಓಣಿಯ ಅರ್ಧ ಜನಕ್ಕೆ ಅದು ಬಾಯಿಪಾಠ.

ಈ ಜೆರಾಕ್ಸ್ ಹಾವಳಿಯ ಬಗ್ಗೆ ಸರ್ಕಾರವೇ ಒಮ್ಮೆ ಎಚ್ಚರಿಸಿತ್ತು. ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ 2022ರ ಮೇ 27ರಂದು ಒಂದು ಪ್ರಕಟಣೆ ಹೊರಡಿಸಿ, ಆಧಾರ್ ನಕಲನ್ನು ಕಂಡಕಂಡವರಿಗೆ ಕೊಡಬೇಡಿ, ಕೊಡಲೇಬೇಕಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಕಾರ್ಡು ಕೊಡಿ, ಸೈಬರ್ ಕೆಫೆಯ ಕಂಪ್ಯೂಟರಿನಲ್ಲಿ ಡೌನ್‌ಲೋಡ್ ಮಾಡಿದರೆ ಅಳಿಸಿ ಬನ್ನಿ ಎಂದಿತ್ತು. ಎರಡೇ ದಿನಕ್ಕೆ, ಜನ ತಪ್ಪು ತಿಳಿಯಬಹುದು ಎಂಬ ಕಾರಣ ಕೊಟ್ಟು ಕೇಂದ್ರ ಸಚಿವಾಲಯ ಅದನ್ನು ಹಿಂಪಡೆಯಿತು. ನನ್ನ ಮಟ್ಟಿಗೆ ಆಧಾರ್ ಬಗ್ಗೆ ಬಂದ ಅತ್ಯಂತ ಉಪಯುಕ್ತ ಸರ್ಕಾರಿ ಪ್ರಕಟಣೆ ಅದೇ. ಅದರ ಆಯುಷ್ಯ ಎರಡು ದಿನ.

ವಿಕೇಂದ್ರಿತ ಡಿಜಿಟಲ್ ಗುರುತು ಎಂಬ ಭಾರದ ಹೆಸರಿನ ಹಿಂದಿರುವ ಆಸೆ ಸರಳ. ನನ್ನ ಬಗೆಗಿನ ಪುರಾವೆ ನನ್ನ ಬಳಿಯೇ ಇರಲಿ. ಕೇಳಿದವರಿಗೆ ಕೇಳಿದಷ್ಟನ್ನೇ ತೋರಿಸುವ ಅನುಕೂಲ ಇರಲಿ. ತೋರಿಸಿದ್ದು ನಿಜವೋ ಸುಳ್ಳೋ ಎಂದು ನೋಡಲು ಅವರು ಇನ್ನೊಂದು ದೊಡ್ಡ ಉಗ್ರಾಣದ ಬಾಗಿಲು ಬಡಿಯುವ ಪ್ರಸಂಗ ಬಾರದಿರಲಿ. ನಮ್ಮ ಕಡೆಯ ತಾಮ್ರಪಟಗಳನ್ನು ನೆನಪಿಸಿಕೊಂಡರೆ ಕ್ರಮ ತಿಳಿಯುತ್ತದೆ. ದಾನ ಕೊಟ್ಟವನು ರಾಜ, ಪಟ ಇಟ್ಟುಕೊಂಡವನು ದಾನ ಪಡೆದವನು. ತಕರಾರು ಬಂದರೆ ಪಟಗಳನ್ನು ಪೋಣಿಸಿದ ಬಳೆಯ ಮೇಲಿನ ರಾಜಮುದ್ರೆ ನೋಡಿದರಾಯಿತು, ರಾಜಧಾನಿಗೆ ಆಳು ಓಡಬೇಕಿರಲಿಲ್ಲ. ಖೊಟ್ಟಿ ತಾಮ್ರಪಟಗಳೂ ಬೇಕಾದಷ್ಟು ಹುಟ್ಟಿದವು. ಗಂಗರ ಹೆಸರಿನವೇ ಎಷ್ಟೋ ಕೂಟಶಾಸನಗಳೆಂದು ಶಾಸನತಜ್ಞ ಫ್ಲೀಟ್ ಮಹಾಶಯ ತಳ್ಳಿಹಾಕಿದ್ದ. ಮುದ್ರೆಯನ್ನು ಎರಕ ಹೊಯ್ಯಬಹುದಿತ್ತು. ಈಗ ಮುದ್ರೆಯ ಜಾಗದಲ್ಲಿ ಗಣಿತವಿದೆ. ಪತ್ರ ಕೊಡುವ ಕಚೇರಿಯ ಬಳಿ ಒಂದು ಗುಟ್ಟಿನ ಕೀಲಿ, ಅದಕ್ಕೆ ಜೋಡಿಯಾಗಿ ಎಲ್ಲರಿಗೂ ಗೊತ್ತಿರುವ ಬಹಿರಂಗ ಕೀಲಿ. ಗುಟ್ಟಿನ ಕೀಲಿಯಿಂದ ಹಾಕಿದ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ತಾಳೆ ನೋಡಬಹುದು. ಒಳಗಿನ ಒಂದಕ್ಷರ ತಿದ್ದಿದರೂ ತಾಳೆ ತಪ್ಪುತ್ತದೆ. ವಿಕೇಂದ್ರಿತ ಗುರುತುಗಳ ಜಾಗತಿಕ ನಿಯಮಾವಳಿಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2022ರ ಜುಲೈನಲ್ಲಿ ಅಂತಿಮಗೊಳಿಸಿತು.

ಇದೆಲ್ಲ ದೂರದ ದೇಶದ ಮಾತೆಂದು ಕುಷ್ಟಗಿಯ ಓದುಗರು ಪುಟ ತಿರುವುವುದು ಬೇಡ. ಇಂಥದೊಂದು ಪತ್ರ ನಿಮ್ಮ ಮನೆಯ ಟ್ರಂಕಿನಲ್ಲಿ ಈಗಲೂ ಇರಬಹುದು. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ಪ್ರತಿಯೊಬ್ಬರಿಗೂ ಬಂದ ಪ್ರಮಾಣಪತ್ರವನ್ನು ತೆಗೆದು ನೋಡಿ. ಪ್ರಧಾನಿಯ ಫೋಟೊ ಬಗ್ಗೆ ಆಗ ನಡೆದಷ್ಟು ಚರ್ಚೆ ಪಕ್ಕದಲ್ಲಿದ್ದ ಕಪ್ಪು ಬಿಳಿ ಚೌಕದ ಬಗ್ಗೆ ನಡೆಯಲಿಲ್ಲ. ಆ ಕ್ಯೂಆರ್‌ನೊಳಗೆ ನಿಮ್ಮ ವಿವರವೂ ಅದರ ಮೇಲೆ ಸರ್ಕಾರದ ಡಿಜಿಟಲ್ ಸಹಿಯೂ ಒಟ್ಟಿಗೇ ಇದ್ದವು. ಹೆಸರು ಬದಲಿಸಿ ಬೇರೆಯವರ ಪತ್ರ ತಯಾರಿಸಿದರೆ ಮೇಲೆ ಕಾಣುವ ಅಕ್ಷರ ಬದಲಾಗುತ್ತಿತ್ತು, ಚೌಕದೊಳಗಿನ ಸಹಿ ಬದಲಾಗುತ್ತಿರಲಿಲ್ಲ, ಸ್ಕ್ಯಾನ್ ಮಾಡಿದ ಕೂಡಲೇ ಸಿಕ್ಕಿಬೀಳುತ್ತಿತ್ತು. ಈ ವ್ಯವಸ್ಥೆಯ ಹೆಸರು ಡಿವೋಕ್. ಕಟ್ಟಿದ್ದು ಬೆಂಗಳೂರಿನ ಇ-ಗವ್ ಫೌಂಡೇಶನ್. ಶ್ರೀಲಂಕಾ, ಫಿಲಿಪ್ಪೀನ್ಸ್ ದೇಶಗಳೂ ಇದನ್ನೇ ಎರವಲು ಪಡೆದು ತಮ್ಮ ಜನಕ್ಕೆ ಲಸಿಕೆ ಪತ್ರ ಕೊಟ್ಟವು. ಸ್ಮಾರ್ಟ್‌ಫೋನ್ ಇಲ್ಲದ ಮುದುಕಿಯ ಕೈಯಲ್ಲೂ ಅದು ಕೆಲಸ ಮಾಡಿತು, ಏಕೆಂದರೆ ಅದಕ್ಕೆ ಕಾಗದ ಸಾಕಿತ್ತು. ಈ ಕೊನೆಯ ಮಾತಿಗೆ ಮತ್ತೆ ಬರುತ್ತೇನೆ.

ಈ ಪತ್ರಗಳನ್ನು ಕೊಟ್ಟ ಸರ್ಕಾರಿ ಜಾಲತಾಣ ಕೋವಿನ್‌ಗೆ ಇನ್ನೊಂದು ಮುಖವಿತ್ತು. 2023ರ ಜೂನ್‌ನಲ್ಲಿ ಟೆಲಿಗ್ರಾಂನಲ್ಲಿ ಒಂದು ಬಾಟ್ ಪ್ರತ್ಯಕ್ಷವಾಯಿತು. ಯಾರದೋ ಮೊಬೈಲ್ ನಂಬರ್ ಒತ್ತಿದರೆ ಅವರ ಹೆಸರು, ಹುಟ್ಟಿದ ವರ್ಷ, ಲಸಿಕೆಗೆ ತೋರಿಸಿದ ಗುರುತಿನ ಚೀಟಿಯ ಸಂಖ್ಯೆ, ಲಸಿಕೆ ಕೇಂದ್ರದ ಹೆಸರು ಉದುರುತ್ತಿದ್ದವು. ಕೋವಿನ್‌ನಿಂದ ಸೋರಿಕೆ ಎಂಬ ವರದಿಗಳಿಗೆ ಆಧಾರವಿಲ್ಲ ಎಂದು ಕೇಂದ್ರ ಸರ್ಕಾರ ಹೇಳಿತು. ಆ ಬಳಿಕ ದೆಹಲಿ ಪೊಲೀಸರು ಬಿಹಾರದಲ್ಲಿ ಒಬ್ಬನನ್ನು ಬಂಧಿಸಿದರು. ಸೋರಿದ್ದು ಯಾವ ತೂತಿನಿಂದ ಎಂಬ ವಾದ ಪಕ್ಕಕ್ಕಿರಲಿ. ಟ್ರಂಕಿನಲ್ಲಿದ್ದ ಕೋಟ್ಯಂತರ ಕಾಗದಗಳಿಂದ ಹಾಗೆ ಒಂದೇ ಏಟಿಗೆ ಯಾರೂ ಏನನ್ನೂ ಕದಿಯುವಂತಿರಲಿಲ್ಲ. ಎಲ್ಲರದ್ದೂ ಒಂದೇ ಕಡೆ ಪೇರಿಸಿಟ್ಟಲ್ಲಿ ಮಾತ್ರ ಕಳ್ಳನಿಗೆ ಒಂದೇ ಬೀಗ ಮುರಿದರೆ ಸಾಕು.

ಬೆರಳಿನ ಗುರುತು ಹೋದರಂತೂ ಇನ್ನೂ ಕಷ್ಟ. ಅದೇ 2023ರಲ್ಲಿ ಬೆಂಗಳೂರಿನ ಎಷ್ಟೋ ಜನರ ಬ್ಯಾಂಕ್ ಖಾತೆಯಿಂದ ಒಟಿಪಿಯೂ ಇಲ್ಲದೆ ಹಣ ಹೋಯಿತು. ಮನೆ, ನಿವೇಶನ ನೋಂದಣಿಯ ಕಾಗದದಲ್ಲಿ ಒತ್ತಿದ್ದ ಹೆಬ್ಬೆಟ್ಟನ್ನೇ ಎತ್ತಿ, ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್‌ನಲ್ಲಿ ಬಳಸಿದ್ದರು. ಅದಕ್ಕೆ ಬೇಕಾದದ್ದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು. ಮೂರೂ ಒಂದೇ ನೋಂದಣಿ ಪತ್ರದ ಆಸುಪಾಸಿನಲ್ಲಿ ಸಿಗುತ್ತಿದ್ದವು. ಪೊಲೀಸರು ಜನರಿಗೆ ಕೊಟ್ಟ ಸಲಹೆ, ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಿ. ಬೆಂಗಳೂರಿನವರು ಲಾಕ್ ಮಾಡಿಕೊಂಡರು. ಯಲಬುರ್ಗಾದ ಹಳ್ಳಿಯ ಅಜ್ಜಿ ಲಾಕ್ ಮಾಡಿಸಿದರೆ ತಿಂಗಳ ಪಿಂಚಣಿಯನ್ನು ಬ್ಯಾಂಕ್ ಮಿತ್ರನ ಬಳಿ ಹೆಬ್ಬೆಟ್ಟು ಒತ್ತಿ ಬಿಡಿಸಿಕೊಳ್ಳುವುದು ಹೇಗೆ? ಪಾಸ್‌ವರ್ಡ್ ಕಳೆದರೆ ಹೊಸದು ಇಡಬಹುದು. ಹೆಬ್ಬೆರಳು ಇರುವುದು ಎರಡೇ. ಅವೂ ಗಂಗಾವತಿ ಕಡೆ ಭತ್ತದ ನಾಟಿ ಮಾಡಿ ಮಾಡಿ ಸವೆದಿರುತ್ತವೆ. ರೇಷನ್ ಅಂಗಡಿಯಲ್ಲಿ ಸೀರೆಗೆ ಬೆರಳು ಉಜ್ಜಿ ಉಜ್ಜಿ ಒತ್ತಿದರೂ "ಥಂಬ್ ಬರವಲ್ದು" ಎಂಬ ಉತ್ತರ ಬರುವುದು ಈ ಜಿಲ್ಲೆಯಲ್ಲಿ ಹೊಸದೇನಲ್ಲ.

ಹಾಗಾದರೆ ಇಲ್ಲಿಗೆ ಬೇಕಾದ ಪತ್ರ ಯಾವುದು? ನನ್ನನ್ನು ಕೇಳಿದರೆ 371ಜೆ ಪ್ರಮಾಣಪತ್ರದಿಂದಲೇ ಶುರುಮಾಡಬೇಕು. ಸಂವಿಧಾನದ 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯ ನೆರಳಿನಲ್ಲಿ ಕೊಪ್ಪಳವೂ ಸೇರಿ ಏಳು ಜಿಲ್ಲೆಗಳಿವೆ. ಈ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸೀಟು. ನೌಕರಿಯಲ್ಲೂ ಮೀಸಲು ಉಂಟು. ಪಿಯುಸಿ ಮುಗಿದ ಕೂಡಲೇ ಕುಷ್ಟಗಿಯ ಹುಡುಗ, ಯಲಬುರ್ಗಾದ ಹುಡುಗಿ ಇದಕ್ಕಾಗಿ ಅಪ್ಪನ ಶಾಲೆಯ ದಾಖಲೆ, ಅವ್ವನ ದಾಖಲೆ, ರೇಷನ್ ಕಾರ್ಡು, ವಾಸದ ಪುರಾವೆ ಎಂದು ಕಟ್ಟು ಕಟ್ಟಿ ಅರ್ಜಿ ಹಾಕುತ್ತಾರೆ. ಸಹಾಯಕ ಆಯುಕ್ತರು ಸಹಿ ಮಾಡುತ್ತಾರೆ. ಅಷ್ಟು ಜಾಲಾಡಿದ ಮೇಲೆ ಬರುವ ತೀರ್ಮಾನ ಹೌದು ಅಥವಾ ಅಲ್ಲ, ಅಷ್ಟೇ. ಆ ಹೌದು ಒಂದನ್ನೇ ಸಹಿಯೊಡನೆ ವಿದ್ಯಾರ್ಥಿಯ ಕೈಗೆ ಕೊಟ್ಟರೆ ಮುಂದೆ ಕೇಳುವ ಕಾಲೇಜು, ಬೋರ್ಡು, ಆಯೋಗ ಅದರ ಕ್ಯೂಆರ್ ತಾಳೆ ನೋಡಿದರಾಯಿತು. ಅವ್ವ ಎಷ್ಟನೇ ಇಯತ್ತೆಗೆ ಶಾಲೆ ಬಿಟ್ಟಳು ಎಂಬುದು ಯಾರದೋ ಕಚೇರಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕೊಳೆಯಬೇಕಿಲ್ಲ.

ನಾಡಕಚೇರಿಯ ಜಾತಿ, ಆದಾಯ ಪತ್ರಗಳು ಅರ್ಧ ದಾರಿ ಬಂದಿವೆ. ಡಿಜಿಟಲ್ ಸಹಿ ಇದೆ, ಆರ್‌ಡಿ ನಂಬರ್ ಇದೆ. ಸ್ಕಾಲರ್‌ಶಿಪ್ಪಿಗೋ ಸಿಇಟಿಗೋ ಆ ನಂಬರ್ ಕೊಟ್ಟರೆ ಅವರ ಸರ್ವರ್ ಇವರ ಸರ್ವರ್ ಅನ್ನು ಕೇಳಿ ಖಾತ್ರಿ ಮಾಡಿಕೊಳ್ಳುತ್ತದೆ. ಅನುಕೂಲವೇ, ಸರ್ವರ್ ಎದ್ದಿರುವ ತನಕ. ಕೊನೆಯ ದಿನ ಸಂಜೆ ಅದು ಮಲಗಿದರೆ, ಕೈಯಲ್ಲಿ ಪತ್ರ ಇದ್ದೂ ಪತ್ರ ಇಲ್ಲದವರಂತೆ ಹುಡುಗರು ನಿಲ್ಲಬೇಕು.

ಇಷ್ಟಾದ ಮೇಲೂ ಎಲ್ಲವನ್ನೂ ಬೆಂಗಳೂರಿನ ಸರ್ವರ್‌ನಿಂದ ಬಿಡಿಸಿ ಊರಿಗೆ ತಂದರೆ ಸಾಕು ಎನ್ನುವವರ ಉತ್ಸಾಹ ನನಗಿಲ್ಲ. ಈ ಸೀಮೆಗೆ ಬೇರೆಯದೇ ನೆನಪಿದೆ. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಜಾಗೀರಿನಲ್ಲಿದ್ದ ಕಾಲಕ್ಕೆ ಹೊಲದ ಲೆಕ್ಕವೆಲ್ಲ ಊರಲ್ಲೇ ಇತ್ತು, ಪಟವಾರಿಯ ದಫ್ತರದಲ್ಲಿ. ರೈತನಿಗೆ ಓದಲು ಬಾರದ ಭಾಷೆಯಲ್ಲಿ, ಕೇಳಲು ಧೈರ್ಯ ಸಾಲದ ಮನೆಯಲ್ಲಿ. ಅದಕ್ಕಿಂತ ವಿಕೇಂದ್ರಿತ ವ್ಯವಸ್ಥೆ ಬೇರೆ ಬೇಕೆ? ನಿಜಾಮ ಹೋದ, ವಂಶಪಾರಂಪರ್ಯದ ಪಟವಾರಿಕೆಯೂ ಹೋಯಿತು. ಗ್ರಾಮಲೆಕ್ಕಿಗರ ಬಸ್ತೆಯಲ್ಲಿದ್ದ ಪಹಣಿಯನ್ನು 2000ದ ಸುಮಾರಿಗೆ ಭೂಮಿ ಯೋಜನೆ ಕಂಪ್ಯೂಟರಿಗೆ ಏರಿಸಿ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿಗೆ ಕೊಡತೊಡಗಿದಾಗ ಜನ ಅದನ್ನು ಬಿಡುಗಡೆಯೆಂದೇ ಕಂಡರು. ಕೇಂದ್ರೀಕರಣ ಈ ಭಾಗದ ಬಡವನಿಗೆ ಶತ್ರುವಾಗಿ ಬಂದದ್ದಲ್ಲ. ರೇಷನ್ ಕಾರ್ಡಿನ ಮಾಹಿತಿ ಆಧರಿಸಿದ ರಾಜ್ಯದ 'ಕುಟುಂಬ' ತಂತ್ರಾಂಶದಿಂದ ಅರ್ಹರನ್ನು ಗುರುತಿಸಿ ಪಿಂಚಣಿ ಕೊಡುವಾಗ, ತಿರುಗಾಟ ತಪ್ಪಿದ ಮುದುಕನಿಗೆ ದತ್ತಾಂಶದ ಹಕ್ಕಿನ ಭಾಷಣ ರುಚಿಸೀತೆಂದು ನನಗನಿಸುವುದಿಲ್ಲ.

ಪಟವಾರಿಯ ಜಾಗದಲ್ಲಿ ಈಗ ಯಾರು ಕೂತಿದ್ದಾರೆ ಎಂದು ನೋಡಬೇಕು. ಗ್ರಾಮ ಒನ್‌ನಲ್ಲೋ ನೆಟ್ ಸೆಂಟರಿನಲ್ಲೋ ಕೂತ ಆಪರೇಟರ್ ಪಟವಾರಿಯಂತೆ ದರ್ಪದವನಲ್ಲ. ಬಹುಪಾಲು ಊರಿನದೇ ಡಿಗ್ರಿ ಮುಗಿಸಿದ ಹುಡುಗ, ಅಕ್ಕಾ ಅಣ್ಣಾ ಎಂದು ಮಾತಾಡಿಸುವವನು. ಆದರೆ ಊರಿನ ಅರ್ಧ ಗುರುತು ಅವನ ವಾಟ್ಸ್‌ಆ್ಯಪ್‌ನಲ್ಲಿದೆ. ಅರ್ಜಿಗೆ ಕೊಟ್ಟ ಮೊಬೈಲ್ ನಂಬರ್ ಎಷ್ಟೋ ಸಲ ಅವನದೇ. ಅಳಿಸದೆ ಇಡುವುದಕ್ಕೂ ಅವನಿಗೆ ಕಾರಣವಿದೆ: ನಾಳೆ ಅರ್ಜಿ ತಿರಸ್ಕೃತವಾಗಿ ಬಂದರೆ ಅದೇ ಯಕ್ಕ ಮತ್ತೆ ಬಂದು "ಮೊನ್ನೆ ಕೊಟ್ಟಿದ್ನೆಲ್ಲೋ ತಮ್ಮಾ" ಎನ್ನುತ್ತಾಳೆ.

ಇನ್ನು ಗುಳೆ. ಯಲಬುರ್ಗಾ, ಕುಷ್ಟಗಿ ಕಡೆಯ ಮಳೆ ನಂಬಿದ ಹೊಲಗಳ ಜನ ಸುಗ್ಗಿ ಮುಗಿದದ್ದೇ ಬೆಂಗಳೂರು, ಮಂಗಳೂರು, ಗೋವಾ ಕಡೆ ಕಟ್ಟಡದ ಕೆಲಸಕ್ಕೆ ಹೊರಡುತ್ತಾರೆ. ಆಧಾರ್‌ಗೆ ಲಿಂಕ್ ಆದ ಮನೆಯ ಒಂದೇ ಮೊಬೈಲ್ ಗಂಡನ ಜೇಬಿನಲ್ಲಿ ಮಂಗಳೂರಿಗೆ ಹೋಗಿರುತ್ತದೆ. ಹೆಂಡತಿ ಇಲ್ಲಿ ಕೌಂಟರಿನ ಮುಂದೆ ಆಪರೇಟರನ ಫೋನ್ ಕಿವಿಗಿಟ್ಟುಕೊಂಡು ನಿಂತಿರುತ್ತಾಳೆ.

"ಓಟಿಪಿ ಬಂತೇನ್ರಿ?"

"ಇನ್ನಾ ಇಲ್ಲ. ತಡಿ... ಬಂತು. ಬರಕೊಳ್ಳಾಕ ಹೇಳು. ನಾಕು, ಏಳು..."

ಆ ಗದ್ದಲದಲ್ಲಿ ಆಕೆ ಅಂಕಿಗಳನ್ನು ಕೂಗಿ ಹೇಳುತ್ತಾಳೆ, ಹಿಂದಿನ ಪಾಳಿಯವರೆಲ್ಲ ಕೇಳಿಸಿಕೊಳ್ಳುತ್ತಾರೆ. ಡಿಜಿಟಲ್ ಗುರುತಿನ ವಿನ್ಯಾಸಕಾರರ ಎಲ್ಲ ಚಿತ್ರಗಳಲ್ಲೂ ಒಬ್ಬ ಮನುಷ್ಯ, ಅವನ ಕೈಯಲ್ಲಿ ಅವನದೇ ಒಂದು ಫೋನ್ ಇರುತ್ತದೆ. ಪತ್ರ ಕೊಡುವ ಕಚೇರಿಗಿದ್ದಂತೆ ಅವನಿಗೂ ಒಂದು ಗುಟ್ಟಿನ ಕೀಲಿ, ಅದನ್ನು ಆ ಫೋನಿನಲ್ಲೇ ಜೋಪಾನ ಮಾಡಬೇಕು. ಫೋನ್ ಕಳೆದರೆ ಕೀಲಿಯೂ ಹೋಗುತ್ತದೆ, ಮರಳಿ ಪಡೆಯುವ ದಾರಿ ಮೊದಲೇ ಮಾಡಿಟ್ಟಿರಬೇಕು. ಮನೆಗೊಂದೇ ಫೋನ್ ಇರುವಲ್ಲಿ ಹೆಂಡತಿಯ ಕೀಲಿ ಗಂಡನ ಬಳಿ, ಅಜ್ಜಿಯ ಕೀಲಿ ಮೊಮ್ಮಗನ ಬಳಿ, ಇಬ್ಬರದ್ದೂ ಕೊನೆಗೆ ಆಪರೇಟರನ ಬಳಿ. ಲಸಿಕೆ ಪತ್ರದ ಕಾಗದ ನನಗೆ ದೊಡ್ಡದಾಗಿ ಕಾಣುವುದು ಇದಕ್ಕೇ. ಲ್ಯಾಮಿನೇಷನ್ ಮಾಡಿಸಿ ಟ್ರಂಕಿನಲ್ಲಿಟ್ಟರೆ ಅದು ಆಕೆಯದೇ.

ಇನ್ನೊಂದು ಗುಂಪಿದೆ, ಅವರಿಗೆ ಸೋರಲಿಕ್ಕೆ ದಾಖಲೆಯೇ ಇಲ್ಲ. ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನಿಗೊಂದು ಎಫ್‌ಐಡಿ ಸಂಖ್ಯೆ. ಅದು ಪಹಣಿ, ಆಧಾರ್, ಬ್ಯಾಂಕ್ ಖಾತೆಗಳನ್ನು ಕಟ್ಟುತ್ತದೆ. ಬೆಂಬಲ ಬೆಲೆಗೆ ಭತ್ತ ಮಾರಲು ಅದೇ ಬೇಕು. ತುಂಗಭದ್ರಾ ಎಡದಂಡೆಯ ಗಂಗಾವತಿ ಸುತ್ತ ಗದ್ದೆ ಮಾಡುವವರಲ್ಲಿ ಲೀಜಿನವರು ಎಷ್ಟೋ ಜನ, ಅದೂ ಬಾಯಿಮಾತಿನ ಲೀಜು. ಬೆಳೆದವನು ಒಬ್ಬ, ಕಂಪ್ಯೂಟರಿನಲ್ಲಿ ರೈತ ಇನ್ನೊಬ್ಬ. ದಾಖಲೆಯ ಮೇಲೆ ಹಕ್ಕು ಕೊಡುತ್ತೇವೆ ಎಂದರೆ ಈ ಲೀಜಿನ ರೈತ ಯಾವ ದಾಖಲೆಯ ಮೇಲೆ ಹಕ್ಕು ಕೇಳಬೇಕು? ವಿಕೇಂದ್ರಿತ ಗುರುತಿನಲ್ಲಿ ಇದಕ್ಕೊಂದು ಕಿಂಡಿ ಇದೆ. ಪತ್ರ ಕೊಡುವ ಅಧಿಕಾರ ಒಂದೇ ಕಚೇರಿಗೆ ಇರಬೇಕೆಂದಿಲ್ಲ. ಈ ಹಂಗಾಮಿನಲ್ಲಿ ಈ ಗದ್ದೆ ಮಾಡಿದವರು ಇವರೇ ಎಂದು ಸಹಕಾರ ಸಂಘವೋ, ನೀರು ಬಳಕೆದಾರರ ಸಂಘವೋ ಸಹಿ ಮಾಡಿ ಕೊಡಬಹುದು. ತಂತ್ರಜ್ಞಾನ ಅಡ್ಡ ಬರುವುದಿಲ್ಲ. ಅಡ್ಡ ಬರುವವರು ಜಮೀನಿನ ಮಾಲೀಕರು, ಅವರ ಭಯಕ್ಕೆ ಗೇಣಿ ಕಾನೂನಿನಷ್ಟು ಹಳೆಯ ಬೇರಿದೆ.

ಇಡೀ ದೇಶಕ್ಕೇ ಇಂಥ ವಿಕೇಂದ್ರಿತ ಗುರುತು ಕೊಡಲು ಹೊರಟದ್ದು ಭೂತಾನ್. 2023ರಲ್ಲಿ ಪುಟ್ಟ ಯುವರಾಜನನ್ನೇ ಮೊದಲ ಡಿಜಿಟಲ್ ಪ್ರಜೆಯಾಗಿ ನೋಂದಾಯಿಸಿ, ಕಾನೂನು ಮಾಡಿ, ಜನರ ಮೊಬೈಲಿಗೆ ಗುರುತಿನ ಕೈಚೀಲ ಕೊಟ್ಟಿತು. ಇಡೀ ಭೂತಾನದ ಜನಸಂಖ್ಯೆ 2011ರ ಜನಗಣತಿಯ ಕೊಪ್ಪಳ ಜಿಲ್ಲೆಯ ಸುಮಾರು ಅರ್ಧ. ಒಂದು ಜಿಲ್ಲೆಯಲ್ಲಿ ಪ್ರಯೋಗ ಮಾಡುವುದು ಆಗದ ಮಾತೇನಲ್ಲ ಎನ್ನಲು ಇಷ್ಟು ಸಾಕು. ಯುರೋಪಿನ ಒಕ್ಕೂಟ 2026ರ ಕೊನೆಯೊಳಗೆ ಪ್ರತಿ ಸದಸ್ಯ ದೇಶವೂ ಇಂಥ ಕೈಚೀಲ ಕೊಡಬೇಕೆಂದು ವಿಧಿಸಿದೆ. ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಹುಟ್ಟಿದ ಮೋಸಿಪ್ ಯೋಜನೆ ಫಿಲಿಪ್ಪೀನ್ಸ್, ಮೊರಾಕ್ಕೊಗಳ ಗುರುತಿನ ವ್ಯವಸ್ಥೆಗೆ ತಳಹದಿಯಾಗಿದೆ, ಕೈಚೀಲದ ತಂತ್ರಾಂಶವನ್ನೂ ತಯಾರಿಸಿದೆ. ಮನೆಯಂಗಳದ ಬಾವಿಯ ನೀರು ಮೊರಾಕ್ಕೊಗೆ ಹೋಗುತ್ತದೆ, ಕೊಪ್ಪಳ ಬಾಯಾರಿ ಕೂತಿದೆ. ಆಧಾರ್ ಪ್ರಾಧಿಕಾರ ಮಾತ್ರ 2025ರ ನವೆಂಬರಿನಲ್ಲಿ ಹೊರತಂದ ಹೊಸ ಆ್ಯಪ್‌ನಲ್ಲಿ ಬೇಕಾದಷ್ಟೇ ವಿವರ ತೋರಿಸುವ ಅವಕಾಶ ಕೊಟ್ಟಿದೆ. ಉಗ್ರಾಣ ಹಳೆಯದೇ, ಕಿಟಕಿ ಸಣ್ಣದಾಗಿದೆ. ನಾನು ಇದನ್ನು ಒಳ್ಳೆಯ ಸುದ್ದಿ ಎಂದೇ ಎಣಿಸುತ್ತೇನೆ.

ಕಾನೂನಿನ ಕಥೆ ಕನ್ನಡಿಗರೊಬ್ಬರ ಹೆಸರಿನಿಂದಲೇ ಶುರುವಾಗುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಹೇಳಿತು. ಮರುವರ್ಷದ ತೀರ್ಪು ಆಧಾರ್ ಅನ್ನು ಉಳಿಸಿತು, ಸಿಮ್ಮಿಗೂ ಬ್ಯಾಂಕ್ ಖಾತೆಗೂ ಕಡ್ಡಾಯ ಮಾಡುವುದನ್ನು ತೆಗೆದುಹಾಕಿತು. ಸಿಮ್ ಅಂಗಡಿಯವರಿಗೆ ಆ ತೀರ್ಪು ಇನ್ನೂ ತಲುಪಿದಂತಿಲ್ಲ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು.

ಅವರ ಮೊಕದ್ದಮೆಯ ಬಳುವಳಿಯಾಗಿ ಬಂದ 2023ರ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಜನರ ಪರವಾಗಿ ಒಪ್ಪಿಗೆಗಳ ಲೆಕ್ಕ ಇಡುವ, ಬೇಡವೆಂದಾಗ ಹಿಂಪಡೆದುಕೊಡುವ ಒಪ್ಪಿಗೆ ನಿರ್ವಾಹಕರಿಗೆ 2026ರ ನವೆಂಬರಿನಿಂದ ದಾರಿ ತೆರೆಯುತ್ತದೆ. ಮುಖ್ಯ ಕಟ್ಟಳೆಗಳು 2027ರ ಮೇ ಹೊತ್ತಿಗೆ ಜಾರಿಗೆ ಬರುತ್ತವೆ. ದಂಡ 250 ಕೋಟಿ ರೂಪಾಯಿವರೆಗೆ. ಆದರೆ ಸಬ್ಸಿಡಿ, ಸವಲತ್ತು, ಪ್ರಮಾಣಪತ್ರ ಕೊಡಲು ಸರ್ಕಾರ ಮಾಹಿತಿ ಬಳಸುವಾಗ ಹೊಸದಾಗಿ ಒಪ್ಪಿಗೆ ಕೇಳಬೇಕಿಲ್ಲವೆಂದು ಅದೇ ಕಾಯ್ದೆ ಹೇಳುತ್ತದೆ. ಕೊಪ್ಪಳದಂಥ ಜಿಲ್ಲೆಯಲ್ಲಿ ಜನರ ಮಾಹಿತಿ ಹೆಚ್ಚಾಗಿ ಕೇಳುವುದು ಸರ್ಕಾರವೇ. ಹಾಗಾಗಿ ಈ ಕಾಯ್ದೆ ನಗರದ ಆನ್‌ಲೈನ್ ಗಿರಾಕಿಗೆ ಕೊಟ್ಟಷ್ಟನ್ನು ಗೃಹಲಕ್ಷ್ಮಿಯ ಫಲಾನುಭವಿಗೆ ಕೊಡುವುದಿಲ್ಲ.

ಆದರೂ ಅದರಲ್ಲೊಂದು ಸಾಲು ನನಗೆ ಮೆಚ್ಚುಗೆಯಾಯಿತು. ಒಪ್ಪಿಗೆ ಕೇಳುವ ಸೂಚನೆಯನ್ನು ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕಂತೆ, ಅಂದರೆ ಕನ್ನಡದಲ್ಲೂ. ಬ್ಯಾಂಕು, ಸಾಲದ ಕಂಪನಿ, ಮೊಬೈಲ್ ಕಂಪನಿಗಳು ತಯಾರಿಸುವ ಆ ಕನ್ನಡ ಹೇಗಿರುತ್ತದೋ ದೇವರೇ ಬಲ್ಲ. ಹೇಗಿದ್ದರೂ ಪರದೆಯ ಮುಂದೆ ಕೂತು ಒಪ್ಪಿಗೆಯ ಗುಂಡಿ ಒತ್ತುವವನು ಆಪರೇಟರ್. ಗ್ರಾಮ ಒನ್ ಗೋಡೆಯ ದರಪಟ್ಟಿಯಲ್ಲಿ ಪಹಣಿಗೆ ಇಷ್ಟು, ಆದಾಯ ಪತ್ರಕ್ಕೆ ಇಷ್ಟು ಎಂದಿರುವಲ್ಲೇ ಇನ್ನೆರಡು ಸಾಲು ಸೇರಿಸಬಹುದು: ಒಪ್ಪಿಗೆ ಪತ್ರ ಓದಿ ಹೇಳುವುದಕ್ಕೆ ಇಷ್ಟು, ಕೆಲಸ ಮುಗಿದ ಮೇಲೆ ಎದುರಿಗೇ ಫೈಲು ಅಳಿಸಿ ತೋರಿಸುವುದಕ್ಕೆ ಇಷ್ಟು. ಹತ್ತೋ ಇಪ್ಪತ್ತೋ ರೂಪಾಯಿ. ಆ ದುಡ್ಡನ್ನು ಯಕ್ಕನ ಕೈಯಿಂದ ಕೀಳದೆ ಸರ್ಕಾರವೇ ಹುಡುಗನ ಕಮಿಷನ್ನಿಗೆ ಸೇರಿಸಿ ಕೊಡಲಿ.